ಗರ್ಭಚೀಲದ ಬಾಯಿ ಕ್ಯಾನ್ಸರ್: ಕರೆಂಟು (ರೇಡಿಯೇಷನ್), ಕೀಮೋ, ಆಪರೇಷನ್ ಆದಮೇಲೆ ಮೈಯಲ್ಲಿ ಏನೇನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಚಿಗವ್ವನ ಟ್ರೀಟ್ಮೆಂಟ್ ಕಲಬುರಗಿಯಲ್ಲಿ ನಡೆದಾಗಿನಿಂದ ಆಳಂದ, ಜೇವರ್ಗಿ, ಸೇಡಂ, ಚಿಂಚೋಳಿ, ಸುರಪುರ, ಹುಮನಾಬಾದ್ ಕಡೆಯ ಹೆಣ್ಣುಮಕ್ಕಳು ನನಗೆ ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಡಾಕ್ಟರ ಮುಂದೆ ಮಗ ಕೂತಿರುತ್ತಾನೆ, ಅಳಿಯ ಬಾಗಿಲಲ್ಲಿ ನಿಂತಿರುತ್ತಾನೆ, ಹಿಂದೆ ದೊಡ್ಡ ಕ್ಯೂ ಇರುತ್ತದೆ. ಅಲ್ಲಿ "ಕೆಳಗೆ ಉರೀತದ" ಅಂತ ಬಾಯಿಬಿಟ್ಟು ಹೇಗೆ ಹೇಳುವುದು? ಹೇಳುವುದೇ ಇಲ್ಲ. ಮನೆಗೆ ಬಂದು ಸಂಕಟ ಪಡುತ್ತಾರೆ, ಇಲ್ಲವೇ ಟ್ರೀಟ್ಮೆಂಟನ್ನೇ ಅರ್ಧಕ್ಕೆ ಬಿಡುತ್ತಾರೆ. ಈ ಬರಹ ಅಂಥವರಿಗಾಗಿ. ನಾನು ಡಾಕ್ಟರ್ ಅಲ್ಲ. ಔಷಧಿ, ಡೋಸ್ ಎಲ್ಲ ಅವರೇ ಹೇಳಬೇಕು. ಆದರೆ ಅವರ ಹತ್ತಿರ ಏನು ಕೇಳಬೇಕು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನುವುದು ಇಲ್ಲಿದೆ.

ಒಬ್ಬರಿಗೆ ಆಪರೇಷನ್, ಇನ್ನೊಬ್ಬರಿಗೆ ಬರೀ ಕರೆಂಟು ಅಂತಾರೆ. ಯಾಕೆ ಹೀಗೆ?

ಗಡ್ಡೆ ಚಿಕ್ಕದಾಗಿದ್ದು ಗರ್ಭಚೀಲದ ಬಾಯಿಯಲ್ಲೇ ಇದ್ದರೆ ಆಪರೇಷನ್ ಮಾಡುತ್ತಾರೆ. ಗಡ್ಡೆ ದೊಡ್ಡದಾಗಿದ್ದರೆ ಅಥವಾ ಅಕ್ಕಪಕ್ಕಕ್ಕೆ ಹಬ್ಬಿದ್ದರೆ ಆಪರೇಷನ್‌ನಿಂದ ಪೂರ್ತಿ ತೆಗೆಯಲು ಆಗುವುದಿಲ್ಲ. ಆಗ ರೇಡಿಯೇಷನ್, ಅಂದರೆ ನಮ್ಮ ಕಡೆ ಹೇಳುವ ಕರೆಂಟು, ಅದರ ಜೊತೆ ವಾರಕ್ಕೊಂದು ಕೀಮೋ. ನಮ್ಮ ಕಡೆ ಬಹಳಷ್ಟು ಮಂದಿ ತಡವಾಗಿ ಬರುತ್ತಾರೆ, ಅದಕ್ಕೇ ಕರೆಂಟು ಕೀಮೋ ಎರಡೂ ಆಗುವವರೇ ಜಾಸ್ತಿ ಕಾಣುತ್ತಾರೆ. "ಆಪರೇಷನ್ ಮಾಡಲಿಲ್ಲ ಅಂದರೆ ಕೈ ಬಿಟ್ಟರು" ಅಂತ ತಿಳಿಯಬೇಡಿ. ಅಷ್ಟು ಹಬ್ಬಿದ ಮೇಲೂ ಕರೆಂಟು, ಕೀಮೋದಿಂದ ಗುಣವಾದವರು ಎಷ್ಟೋ ಮಂದಿ ಇದ್ದಾರೆ.

ಸಾಮಾನ್ಯವಾಗಿ ಹೊರಗಿನ ಕರೆಂಟು (ಮಷೀನಿನ ಕೆಳಗೆ ಮಲಗಿಸಿ ಕೊಡುವುದು) ವಾರಕ್ಕೆ 5 ದಿನದಂತೆ 25 ಸಲ ಇರುತ್ತದೆ, ಅಂದರೆ ಸುಮಾರು 5 ವಾರ. ಅದು ಮುಗಿಯುತ್ತ ಬಂದಾಗ ಅಥವಾ ಮುಗಿದ ಮೇಲೆ ಒಳಗಿನ ಕರೆಂಟು (ಯೋನಿಯ ಮೂಲಕ ಉಪಕರಣ ಇಟ್ಟು ಕೊಡುವುದು) ಕೆಲವು ಸಲ. ಎಲ್ಲ ಸೇರಿ 8 ವಾರದೊಳಗೆ ಮುಗಿಯಬೇಕು. ಈ 8 ವಾರದ ಲೆಕ್ಕ ಬಹಳ ಮುಖ್ಯ, ಮುಂದೆ ಹೇಳುತ್ತೇನೆ.

ಕರೆಂಟು ಕೊಡುವಾಗ ಶಾಕ್ ಹೊಡೆಯುತ್ತದಾ? ಮನೆಗೆ ಬಂದು ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದಾ?

ಶಾಕ್ ಇಲ್ಲ, ಉರಿ ಇಲ್ಲ, ನೋವೂ ಇಲ್ಲ. ಮಷೀನಿನ ಕೆಳಗೆ ಕೆಲವು ನಿಮಿಷ ಅಲುಗಾಡದೆ ಮಲಗಬೇಕು, ಅಷ್ಟೇ. ರೂಮಿನಲ್ಲಿ ಒಬ್ಬರೇ ಇರುತ್ತೀರಿ, ಆದರೆ ಹೊರಗಿನವರು ಕ್ಯಾಮೆರಾದಲ್ಲಿ ನಿಮ್ಮನ್ನು ನೋಡುತ್ತಿರುತ್ತಾರೆ.

ಮೊಮ್ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಿ. ಮಷೀನು ಬಂದಾದ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಒಳಗಿನ ಕರೆಂಟು ಈಗ ಸಾಮಾನ್ಯವಾಗಿ ಕೊಡುವ ರೀತಿಯಲ್ಲೂ ಅಷ್ಟೇ, ಉಪಕರಣ ತೆಗೆದ ಮೇಲೆ ಏನೂ ಇರುವುದಿಲ್ಲ. ಗರ್ಭಿಣಿ ಸೊಸೆ ಪಕ್ಕದಲ್ಲೇ ಮಲಗಬಹುದು, ಒಂದೇ ತಾಟಿನಲ್ಲಿ ಉಣ್ಣಬಹುದು. ಇದನ್ನು ಜೋರಾಗಿ ಹೇಳಲು ಕಾರಣ ಇದೆ. ಕರೆಂಟು ತಗೊಂಡು ಬಂದ ಹೆಂಗಸಿಗೆ ಬೇರೆ ತಾಟು, ಬೇರೆ ಹಾಸಿಗೆ, ಮಗುವನ್ನು ಮುಟ್ಟಬೇಡ ಅನ್ನುವ ಮನೆಗಳನ್ನು ನೋಡಿದ್ದೇನೆ. ಅದಕ್ಕೆ ಯಾವ ಆಧಾರವೂ ಇಲ್ಲ. ಅದು ಆಕೆಗೆ ರೋಗಕ್ಕಿಂತ ಜಾಸ್ತಿ ನೋವು ಕೊಡುತ್ತದೆ.

ಎರಡು ಮೂರು ವಾರ ಆದಮೇಲೆ ಭೇದಿ ಶುರುವಾಯಿತು. ರೊಟ್ಟಿ ತಿನ್ನಬಹುದಾ, ಬಿಡಬೇಕಾ?

ಭೇದಿ ಬಹಳ ಮಂದಿಗೆ ಆಗುತ್ತದೆ. ಗರ್ಭಚೀಲದ ಹಿಂದೆ ಮುಂದೆ ಕರುಳು, ಮೂತ್ರಚೀಲ ಇರುವುದರಿಂದ ಕರೆಂಟು ಅವಕ್ಕೂ ಸ್ವಲ್ಪ ತಾಗುತ್ತದೆ. ಕರುಳಿನ ಒಳಪದರ ಸೂಕ್ಷ್ಮ ಆಗಿ ನೀರಿನಂತೆ ಭೇದಿ, ಹೊಟ್ಟೆ ಹಿಂಡಿದಂತೆ ನೋವು, ಪದೇ ಪದೇ ಹೋಗಬೇಕು ಅನ್ನಿಸುವುದು ಇವೆಲ್ಲ ಸಾಮಾನ್ಯವಾಗಿ ಎರಡನೇ ಮೂರನೇ ವಾರದಲ್ಲಿ ಕಾಣುತ್ತವೆ. ಕರೆಂಟು ಮುಗಿದು ಕೆಲವು ವಾರಕ್ಕೆ ಬಹುತೇಕ ಕಡಿಮೆ ಆಗುತ್ತದೆ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಕಷ್ಟ ಇದೆ. ರೊಟ್ಟಿ ಇಲ್ಲದೆ ಊಟ ಆದಂತೆ ಅನ್ನಿಸುವುದೇ ಇಲ್ಲ. ಆದರೆ ಭೇದಿ ಇರುವಷ್ಟು ದಿನ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಕೆಂಪುಖಾರ, ಎಣ್ಣೆಗಾಯಿ ಇವನ್ನು ಬದಿಗಿಡಿ. ನಾರು, ಖಾರ, ಎಣ್ಣೆ ಮೂರೂ ಆ ಹೊತ್ತಿನಲ್ಲಿ ಕರುಳನ್ನು ಇನ್ನಷ್ಟು ಕೆರಳಿಸುತ್ತವೆ. ಮೆತ್ತಗಿನ ಅನ್ನ, ತೊಗರಿಬೇಳೆ ಅಥವಾ ಹೆಸರುಬೇಳೆಯ ತಿಳಿ, ರವೆ ಗಂಜಿ, ಬಾಳೆಹಣ್ಣು, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಮೊಟ್ಟೆ, ತಿಳಿ ಮಜ್ಜಿಗೆ ಒಗ್ಗುತ್ತವೆ. ಹಾಲು ಕುಡಿದರೆ ಭೇದಿ ಜಾಸ್ತಿ ಆಗುತ್ತಿದೆ ಅನ್ನಿಸಿದರೆ ಹಾಲು ಬಿಟ್ಟು ಮಜ್ಜಿಗೆ ಕುಡಿಯಿರಿ. ಒಂದು ಸಲಕ್ಕೆ ತಾಟು ತುಂಬ ಬೇಡ, ಸ್ವಲ್ಪ ಸ್ವಲ್ಪ ಐದಾರು ಸಲ ತಿನ್ನಿ. ಭೇದಿ ನಿಂತ ಮೇಲೆ ರೊಟ್ಟಿ ಮತ್ತೆ ಶುರು ಮಾಡಿ, ಮೊದಲು ಅರ್ಧ, ಆಮೇಲೆ ಒಂದು. ರೊಟ್ಟಿ ಜೀವನಪೂರ್ತಿ ಬಿಡುವ ಮಾತಲ್ಲ.

ಓಆರ್‌ಎಸ್ ಪಾಕೀಟು ಮನೆಯಲ್ಲಿ ಇರಲಿ, ಆಶಾ ಕಾರ್ಯಕರ್ತೆಯ ಹತ್ತಿರವೂ ಸಿಗುತ್ತದೆ. ದೊಡ್ಡ ಪಾಕೀಟಾದರೆ 1 ಲೀಟರ್ ನೀರಿಗೆ ಪೂರ್ತಿ ಹಾಕಬೇಕು. ಅರ್ಧ ಪಾಕೀಟು ಒಂದು ಗ್ಲಾಸಿಗೆ ಹಾಕಿ ಕುಡಿಯುವುದು ತಪ್ಪು. ಭೇದಿ ನಿಲ್ಲುವ ಲೋಪರಮೈಡ್ ಗುಳಿಗೆಯನ್ನು ಡಾಕ್ಟರೇ ಬರೆದು ಕೊಡುತ್ತಾರೆ, ಎಷ್ಟು ಅಂತ ಕೇಳಿಕೊಳ್ಳಿ. ದಿನಕ್ಕೆ ಆರೇಳು ಸಲಕ್ಕಿಂತ ಜಾಸ್ತಿ ಆದರೆ, ರಕ್ತ ಕಂಡರೆ, ಜ್ವರ ಬಂದರೆ, ಉಚ್ಚೆ ಕಡಿಮೆ ಆಗಿ ಕಣ್ಣು ಕತ್ತಲೆ ಬಂದರೆ ಮರುದಿನದ ಕರೆಂಟಿನ ಹೊತ್ತಿಗೆ ಹೇಳೋಣ ಅಂತ ಕಾಯಬೇಡಿ, ಅವತ್ತೇ ಹೋಗಿ.

ಇನ್ನೊಂದು ಮಾತು. ಮನೆಯಲ್ಲಿ ಪಾಯಖಾನೆ ಇಲ್ಲದವರು, ಇದ್ದರೂ ನೀರಿಲ್ಲದವರು, ಭೇದಿಗೆ ಹೆದರಿ ಊಟವನ್ನೇ ಬಿಡುತ್ತಾರೆ. ಎರಡು ತಾಸು ಬಸ್ಸಿನಲ್ಲಿ ಕೂರಬೇಕಲ್ಲ ಅಂತ ಬೆಳಗ್ಗೆಯಿಂದ ನೀರೂ ಕುಡಿಯುವುದಿಲ್ಲ. ಆ 5 ವಾರ ಕಲಬುರಗಿಯಲ್ಲೇ ನೆಂಟರ ಮನೆಯಲ್ಲೋ ಬಾಡಿಗೆ ರೂಮಿನಲ್ಲೋ ಇರಲು ಸಾಧ್ಯವಾದರೆ ದಯವಿಟ್ಟು ಇರಿ. ಖರ್ಚಾಗುತ್ತದೆ, ಗೊತ್ತು. ಆದರೆ ಉಣ್ಣದೆ ಕುಡಿಯದೆ ದಿನಾ ಓಡಾಡಿದರೆ ಮೂರನೇ ವಾರಕ್ಕೆ ಮೈ ಕೈಕೊಡುತ್ತದೆ.

ಕರೆಂಟಿಗೆ ಮೊದಲು ನೀರು ಕುಡಿದು ಉಚ್ಚೆ ಕಟ್ಟಿಕೊಳ್ಳಿ ಅಂತಾರೆ. ಉರಿ ಇರುವಾಗ ಅದು ಹೇಗೆ ಸಾಧ್ಯ?

ಮೂತ್ರಚೀಲ ತುಂಬಿದ್ದರೆ ಅದು ಕರುಳನ್ನು ಮೇಲಕ್ಕೆ ತಳ್ಳುತ್ತದೆ, ಕರುಳಿಗೆ ಕರೆಂಟು ಕಡಿಮೆ ತಾಗುತ್ತದೆ. ಭೇದಿ ಕಡಿಮೆ ಆಗಲಿ ಅಂತಲೇ ಹಾಗೆ ಹೇಳುವುದು. ದಿನಾ ಒಂದೇ ಅಳತೆ ನೀರು, ಒಂದೇ ಹೊತ್ತು ಕಾಯುವುದು, ಹೀಗೆ ಅಭ್ಯಾಸ ಮಾಡಿಕೊಳ್ಳಿ. ತಡೆಯಲು ಆಗುತ್ತಿಲ್ಲ ಅಂದರೆ ಟೆಕ್ನಿಷಿಯನ್‌ಗೆ ಹೇಳಿ, ನಾಚಿಕೆ ಬೇಡ.

ಉಚ್ಚೆ ಮಾಡುವಾಗ ಉರಿ, ಪದೇ ಪದೇ ಹೋಗಬೇಕು ಅನ್ನಿಸುವುದು ಕರೆಂಟಿನಿಂದಲೂ ಆಗುತ್ತದೆ, ಸೋಂಕಿನಿಂದಲೂ ಆಗುತ್ತದೆ. ಯಾವುದು ಅಂತ ಉಚ್ಚೆ ಪರೀಕ್ಷೆಯಿಂದಲೇ ಗೊತ್ತಾಗಬೇಕು. ಚಹಾ ಕಡಿಮೆ ಮಾಡಿ, ನೀರು ಜಾಸ್ತಿ ಕುಡಿಯಿರಿ.

ಕೀಮೋ ಆದ ಎರಡನೇ ದಿನ ವಾಂತಿ ಜಾಸ್ತಿ. ಕಿಡ್ನಿಗೆ ಪೆಟ್ಟು ಬೀಳುತ್ತದೆ ಅಂತಾರೆ, ನಿಜವಾ?

ಕರೆಂಟಿನ ಜೊತೆ ಕೊಡುವ ಕೀಮೋ ಹೆಚ್ಚಾಗಿ ಸಿಸ್ಪ್ಲಾಟಿನ್. 1999ರಲ್ಲಿ ಬಂದ ಅಧ್ಯಯನಗಳ ನಂತರ ಕರೆಂಟಿನ ಜೊತೆ ಇದನ್ನು ಕೊಡುವುದು ಎಲ್ಲ ಕಡೆ ರೂಢಿಗೆ ಬಂತು. ಬರೀ ಕರೆಂಟಿಗಿಂತ ಎರಡೂ ಸೇರಿದರೆ ಬದುಕುವವರು ಜಾಸ್ತಿ. ಆದರೆ ಈ ಔಷಧಿಗೆ ಮೂರು ಸ್ವಭಾವ ಇವೆ: ವಾಂತಿ ತರಿಸುತ್ತದೆ, ಕಿಡ್ನಿಗೆ ಭಾರ ಆಗುತ್ತದೆ, ಕಿವಿ ಮತ್ತು ನರಗಳಿಗೆ ತಾಗುತ್ತದೆ.

ವಾಂತಿಗೆ ಒಳ್ಳೆಯ ಔಷಧಿಗಳಿವೆ. ಕೀಮೋಗೆ ಮೊದಲು ಸೂಜಿ ಕೊಡುತ್ತಾರೆ, ಮನೆಗೆ ಗುಳಿಗೆ ಕೊಡುತ್ತಾರೆ. ಈ ಔಷಧಿಯ ವಾಂತಿ ಎರಡನೇ, ಮೂರನೇ ದಿನ ಬರುವುದೂ ಉಂಟು. ಆದ್ದರಿಂದ "ಇವತ್ತು ಆರಾಮ ಇದ್ದೀನಿ" ಅಂತ ಗುಳಿಗೆ ಉಳಿಸಬೇಡಿ. ಹೇಳಿದಷ್ಟು ದಿನ ತಗೊಳ್ಳಿ. ಕೊಟ್ಟ ಗುಳಿಗೆಗೂ ನಿಲ್ಲದಿದ್ದರೆ ಬೇರೆ ಔಷಧಿ ಕೇಳಿ, ಇದೆ.

ಕಿಡ್ನಿಯ ಭಯ ಸುಳ್ಳಲ್ಲ. ಅದಕ್ಕೇ ಕೀಮೋಗೆ ಮೊದಲು ರಕ್ತ ಪರೀಕ್ಷೆ ಮಾಡಿ ಕ್ರಿಯಾಟಿನಿನ್ ನೋಡುತ್ತಾರೆ. ಹಿಂದೆ ಮುಂದೆ ಸಲಾಯಿನ್ ಹಾಕುತ್ತಾರೆ. ಮನೆಗೆ ಬಂದ ಮೇಲೆ ನೀರು ಕುಡಿಯುವ ಕೆಲಸ ನಿಮ್ಮದು. ನಮ್ಮ ಕಲಬುರಗಿ, ಯಾದಗಿರಿ ಬೇಸಿಗೆ ಗೊತ್ತಲ್ವಾ, ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಬೆವರಿನಲ್ಲೇ ಅರ್ಧ ನೀರು ಹೋಗುತ್ತದೆ. ವಾಂತಿ, ಭೇದಿ, ಬಿಸಿಲು ಮೂರೂ ಒಟ್ಟಿಗೆ ಬಂದರೆ ಕಿಡ್ನಿ ತಡೆಯುವುದಿಲ್ಲ. ಉಚ್ಚೆ ಹಳದಿ ಗಟ್ಟಿ ಆಗಿದೆಯಾ, ಎಷ್ಟು ಸಲ ಹೋದೆ ಅಂತ ಗಮನ ಇಡಿ. ಡಾಕ್ಟರ್ ಬೇರೆ ಕಾರಣಕ್ಕೆ ನೀರು ಕಡಿಮೆ ಕುಡಿಯಲು ಹೇಳಿದ್ದರೆ ಮಾತ್ರ ಅವರ ಮಾತೇ ನಡೆಯಲಿ.

ಇದಕ್ಕಿಂತ ಮುಖ್ಯ ಇನ್ನೊಂದಿದೆ. ಕೈಕಾಲು ನೋವು, ಸೊಂಟ ನೋವು ಅಂತ ಮೆಡಿಕಲ್ ಅಂಗಡಿಗೆ ಹೋಗಿ ನೋವಿನ ಗುಳಿಗೆ ತರುವುದು ನಮ್ಮಲ್ಲಿ ಎಲ್ಲರ ಚಟ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಇಂಥವು ಸಿಸ್ಪ್ಲಾಟಿನ್ ನಡೆಯುವಾಗ ಕಿಡ್ನಿಗೆ ಎರಡನೇ ಪೆಟ್ಟು. ಊರಿನ ಡಾಕ್ಟರ ಹತ್ತಿರ ಹೋಗಿ ಸೊಂಟಕ್ಕೆ ಚುಚ್ಚಿಸಿಕೊಳ್ಳುವ ನೋವಿನ ಸೂಜಿಯೂ ಹೆಚ್ಚಾಗಿ ಇದೇ ಜಾತಿಯದು. ನೋವಿಗೆ ಏನು ತಗೊಳ್ಳಬೇಕು ಅಂತ ಕ್ಯಾನ್ಸರ್ ಡಾಕ್ಟರನ್ನೇ ಕೇಳಿ.

ಕಿವಿಯಲ್ಲಿ ಗುಂಯ್ ಅನ್ನುವುದು, ಕೇಳುವುದು ಮಂದ ಆಗುವುದು, ಬೆರಳ ತುದಿ ಜುಮ್ ಅನ್ನುವುದು, ಅಂಗಾಲು ಮರಗಟ್ಟಿದಂತಾಗುವುದು ಕಂಡರೆ ಮುಂದಿನ ಕೀಮೋ ಹಾಕುವ ಮೊದಲೇ ಹೇಳಿ. ಆಮೇಲೆ ಹೇಳಿದರೆ ಉಪಯೋಗ ಕಡಿಮೆ, ಕಿವಿಯ ತೊಂದರೆ ಪೂರ್ತಿ ವಾಪಸ್ ಹೋಗದೆ ಉಳಿಯಬಹುದು.

ಶ್ರಾವಣ ಸೋಮವಾರದ ಉಪವಾಸ, ರಂಜಾನ್ ರೋಜಾ ಮಾಡಬಹುದಾ?

ಟ್ರೀಟ್ಮೆಂಟ್ ನಡೆಯುವಾಗ ಬೇಡ. ನೀರಿಲ್ಲದೆ ದಿನವಿಡೀ ಇರುವುದಂತೂ ಸಿಸ್ಪ್ಲಾಟಿನ್ ತಗೊಳ್ಳುವವರಿಗೆ ಅಪಾಯ. ಕಾಯಿಲೆ ಇದ್ದವರಿಗೆ ರೋಜಾದಿಂದ ವಿನಾಯಿತಿ ಧರ್ಮದಲ್ಲೇ ಇದೆ. ನಮ್ಮ ಪಕ್ಕದ ಬೆಡ್ಡಿನ ಆಪಾಗೆ ಅವರ ಮನೆಯ ಹಿರಿಯರೇ ಅದನ್ನು ತಿಳಿಸಿ ಹೇಳಿ ಬಿಡಿಸಿದರು.

ಕೂದಲು ಪೂರ್ತಿ ಉದುರುತ್ತವಾ?

ಕೆಳಹೊಟ್ಟೆಗೆ ಕೊಡುವ ಕರೆಂಟಿನಿಂದ ತಲೆಕೂದಲು ಉದುರುವುದಿಲ್ಲ, ಕೊಟ್ಟ ಜಾಗದ ಕೂದಲು ಮಾತ್ರ ಉದುರುತ್ತವೆ. ಸಿಸ್ಪ್ಲಾಟಿನ್‌ನಿಂದ ತಲೆಕೂದಲು ಸ್ವಲ್ಪ ತೆಳ್ಳಗಾಗಬಹುದು, ಬೋಳಾಗುವುದು ಅಪರೂಪ. ಆದರೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಕೊಟ್ಟರೆ ಪೂರ್ತಿ ಉದುರುತ್ತವೆ. ಈಗ ಕೆಲವು ಕಡೆ ಕರೆಂಟಿಗೆ ಮೊದಲು 6 ವಾರ ಪ್ಯಾಕ್ಲಿಟ್ಯಾಕ್ಸೆಲ್, ಕಾರ್ಬೋಪ್ಲಾಟಿನ್ ಕೊಡುವುದೂ ಶುರುವಾಗಿದೆ. ನಿಮ್ಮದು ಯಾವ ಔಷಧಿ ಅಂತ ಮೊದಲೇ ಕೇಳಿ. ಉದುರಿದರೂ ಮತ್ತೆ ಬರುತ್ತವೆ.

ಮೈ ಬಿಸಿ ಆದರೆ ಪ್ಯಾರಾಸಿಟಮಾಲ್ ತಗೊಂಡು ಮಲಗಿದರೆ ಆಗಲ್ವಾ?

ಆಗುವುದಿಲ್ಲ. ಕೀಮೋದಿಂದ ಬಿಳಿ ರಕ್ತಕಣ ಕಡಿಮೆ ಆದಾಗ ಸಣ್ಣ ಸೋಂಕೂ ಕೆಲವೇ ತಾಸಿನಲ್ಲಿ ಜೀವಕ್ಕೆ ಬರಬಹುದು. ಥರ್ಮಾಮೀಟರ್ ಮನೆಯಲ್ಲಿ ಇಟ್ಟುಕೊಳ್ಳಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ಚಳಿ ನಡುಕ ಬಂದರೆ, ರಾತ್ರಿಯಾಗಲಿ ಹಗಲಾಗಲಿ ಆಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಹೋದ ಕೂಡಲೇ "ಕೀಮೋ ನಡೀತಾ ಇದೆ" ಅಂತ ಮೊದಲು ಹೇಳಿ. ಬೀದರಿನಿಂದ, ಸುರಪುರದಿಂದ ಕಲಬುರಗಿಗೆ ಬರುವಷ್ಟು ಹೊತ್ತು ಕಾಯಬೇಡಿ, ಹತ್ತಿರದ ಜಿಲ್ಲಾ ಅಥವಾ ತಾಲೂಕು ಆಸ್ಪತ್ರೆಗೆ ಮೊದಲು ಹೋಗಿ.

ತೊಡೆಸಂದಿ ಕಪ್ಪಾಗಿ ಸುಲಿಯುತ್ತಿದೆ. ಅರಿಶಿನ, ಎಣ್ಣೆ ಹಚ್ಚಬಹುದಾ?

ಕರೆಂಟು ತಾಗಿದ ಚರ್ಮ ಬಿಸಿಲಿಗೆ ಸುಟ್ಟ ಹಾಗೆ ಆಗುತ್ತದೆ. ಕಪ್ಪಾಗುವುದು, ಉರಿ, ಕೆಲವರಿಗೆ ಸಿಪ್ಪೆ ಏಳುವುದು. ಅರಿಶಿನ, ನಾಟಿ ಔಷಧಿ, ಪೌಡರ್, ಘಾಟು ಎಣ್ಣೆ ಯಾವುದೂ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ. ಸಡಿಲ ಹತ್ತಿ ಬಟ್ಟೆ ಹಾಕಿ. ಪರಕಾರದ ಲಾಡಿ ಬಿಗಿ ಕಟ್ಟಬೇಡಿ. ಮೈಮೇಲೆ ಹಾಕಿದ ಗುರುತಿನ ಗೆರೆ ಅಳಿಸಬೇಡಿ, ಅಳಿಸಿದರೆ ಮನೆಯಲ್ಲಿ ತಿರುಗಿ ಬರೆಯಬೇಡಿ, ಅವರಿಗೆ ಹೇಳಿ. ಹುಣ್ಣಾದರೆ ಹಚ್ಚಲು ಮುಲಾಮು ಅವರೇ ಕೊಡುತ್ತಾರೆ.

ಏಳಲು ಆಗದಷ್ಟು ಸುಸ್ತು. ಮನೆಯವರು ಸೋಮಾರಿತನ ಅಂತಾರೆ.

ಸೋಮಾರಿತನ ಅಲ್ಲವೇ ಅಲ್ಲ. ಕರೆಂಟಿನ ಸುಸ್ತು ನಿದ್ದೆ ಮಾಡಿದರೂ ಹೋಗುವುದಿಲ್ಲ, ಮುಗಿದ ಮೇಲೂ ತಿಂಗಳುಗಟ್ಟಲೆ ಇರಬಹುದು. ಅದರ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಮೊದಲೇ ರಕ್ತ ಕಡಿಮೆ, ತಿಂಗಳುಗಟ್ಟಲೆ ರಕ್ತಸ್ರಾವ ಆಗಿ ಇನ್ನೂ ಇಳಿದಿರುತ್ತದೆ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೇಳಿ ಬರೆದಿಡಿ. ತೀರಾ ಕಡಿಮೆ ಇದ್ದರೆ ರಕ್ತ ಹಾಕುತ್ತಾರೆ, ಕೆಲವೊಮ್ಮೆ ರಕ್ತ ಕೊಡುವವರನ್ನು ಕರೆತರಲು ಹೇಳುತ್ತಾರೆ. ಆಗ ಮನೆಯ ಗಂಡಸರು ಹಿಂದೆ ಸರಿಯಬಾರದು. ರಕ್ತ ಕೊಟ್ಟರೆ ನಿಶ್ಶಕ್ತಿ ಬರುತ್ತದೆ ಅನ್ನುವುದು ಸುಳ್ಳು.

ದಿನಾ ಸ್ವಲ್ಪ ಹೊತ್ತು ಓಣಿಯಲ್ಲಿ ನಡೆಯಿರಿ, ಮಲಗಿಯೇ ಇದ್ದರೆ ಸುಸ್ತು ಜಾಸ್ತಿ ಆಗುತ್ತದೆ. ರೊಟ್ಟಿ ಬಡಿಯುವುದು, ಕೊಡ ಹೊರುವುದು, ತೊಗರಿ ಕೊಯ್ಲಿಗೆ ಹೋಗುವುದು ಈ ಎರಡು ತಿಂಗಳು ಬೇರೆಯವರು ನೋಡಿಕೊಳ್ಳಲಿ.

ಒಳಗಿನ ಕರೆಂಟು ಅಂದರೆ ಹೆದರಿಕೆ. ಅದನ್ನು ಬಿಟ್ಟು ಹೊರಗಿನದು ಮಾತ್ರ ತಗೊಂಡರೆ?

ಇದನ್ನು ಬಿಡಬೇಡಿ. ಗಡ್ಡೆ ಇರುವ ಜಾಗಕ್ಕೇ ಜಾಸ್ತಿ ಕರೆಂಟು ಕೊಟ್ಟು, ಕರುಳು ಮೂತ್ರಚೀಲವನ್ನು ಉಳಿಸುವುದು ಒಳಗಿನ ಕರೆಂಟಿನಿಂದ ಮಾತ್ರ ಸಾಧ್ಯ. ಇದನ್ನು ಬಿಟ್ಟವರಲ್ಲಿ ರೋಗ ತಿರುಗಿ ಬರುವುದು ಜಾಸ್ತಿ. ಹೊರಗಿನ 25 ಮುಗಿಸಿ, ರಕ್ತಸ್ರಾವ ನಿಂತಿತು, ಗುಣವಾಯಿತು ಅಂದುಕೊಂಡು ಊರಿಗೆ ಹೋಗಿಬಿಡುವವರು ಬಹಳ. ಗುಣವಾಗಿರುವುದಿಲ್ಲ.

ಮಾಡುವುದು ಹೀಗೆ: ಯೋನಿಯ ಮೂಲಕ ತೆಳ್ಳಗಿನ ಕೊಳವೆಯಂಥ ಉಪಕರಣ ಇಟ್ಟು, ಸ್ಕ್ಯಾನ್ ಮಾಡಿ, ಲೆಕ್ಕ ಹಾಕಿ ಕರೆಂಟು ಕೊಡುತ್ತಾರೆ. ಕರೆಂಟು ಕೊಡುವುದು ಕೆಲವು ನಿಮಿಷ, ಆದರೆ ತಯಾರಿಗೆ ತಾಸುಗಟ್ಟಲೆ ಬೇಕು. ಬೆನ್ನಿಗೆ ಸೂಜಿ ಕೊಟ್ಟೋ, ಮಂಪರು ಬರುವ ಔಷಧಿ ಕೊಟ್ಟೋ ಮಾಡುತ್ತಾರೆ. ನೋವಾಗದಂತೆ ಏನು ಕೊಡುತ್ತೀರಿ ಅಂತ ಹಿಂದಿನ ದಿನವೇ ಕೇಳಿ. ನಡುವೆ ನೋವಾದರೆ ಹಲ್ಲು ಕಚ್ಚಿ ಸುಮ್ನೆ ಇರಬೇಡಿ, ಬಾಯಿಬಿಟ್ಟು ಹೇಳಿ. "ಹೆರಿಗೆ ನೋವೇ ತಡೆದೀಯ, ಇದೇನು" ಅನ್ನುವ ಮಾತು ಯಾರೇ ಆಡಿದರೂ ಅದು ತಪ್ಪು. ಆದಮೇಲೆ ಒಂದೆರಡು ದಿನ ಸ್ವಲ್ಪ ರಕ್ತ, ನೀರು ಹೋಗುವುದು, ಉರಿ ಇರಬಹುದು.

ಜಾತ್ರೆ ಇದೆ, ಮಗಳ ಮದುವೆ ಇದೆ, ರಾಶಿ ಇದೆ. ಒಂದು ವಾರ ಬಿಟ್ಟು ಬಂದರೆ ನಡೆಯುತ್ತದಾ?

ಶರಣಬಸವೇಶ್ವರರ ಜಾತ್ರೆ ಬಂದಾಗ, ಸುಗ್ಗಿ ಬಂದಾಗ ಕರೆಂಟಿನ ಸರದಿಯಲ್ಲಿ ಮಂದಿ ಕಡಿಮೆ ಆಗುವುದು ಕಣ್ಣಿಗೆ ಕಾಣುತ್ತದೆ. ನನಗೆ ಬಹಳ ಸಂಕಟ ಆಗುವ ವಿಷಯ ಇದು. ನಡುವೆ ಬಿಡುವು ಕೊಟ್ಟರೆ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯುತ್ತವೆ. 8 ವಾರ ದಾಟಿದಷ್ಟೂ ಗುಣವಾಗುವ ಅವಕಾಶ ಕಡಿಮೆ. ಭೇದಿ, ಸುಸ್ತು ತಡೆಯಲು ಆಗುತ್ತಿಲ್ಲ ಅಂತ ನೀವೇ ನಿಲ್ಲಿಸಿ ಮನೆಯಲ್ಲಿ ಕೂರುವುದೂ ಅಷ್ಟೇ ಕೆಟ್ಟದ್ದು. ಡಾಕ್ಟರಿಗೆ ಹೇಳಿದರೆ ಔಷಧಿ ಕೊಡುತ್ತಾರೆ, ಬೇಕಾದರೆ ಕೀಮೋ ಒಂದು ವಾರ ತಡೆದು ಕರೆಂಟು ಮುಂದುವರಿಸುತ್ತಾರೆ. ತಪ್ಪಿಸಲೇಬೇಕಾದ ದಿನ ಬಂದರೆ ಮೊದಲೇ ಹೇಳಿ, ಸರಿದೂಗಿಸುವ ದಾರಿ ಅವರು ನೋಡುತ್ತಾರೆ.

ನನಗೆ 36. ಮುಟ್ಟು ನಿಂತು ಹೋಯಿತು, ಮೈಯೆಲ್ಲ ಬಿಸಿ ಬಿಸಿ.

ಕರೆಂಟು ತಾಗಿದರೆ ಅಂಡಾಶಯ ಕೆಲಸ ನಿಲ್ಲಿಸುತ್ತದೆ. ಮುಟ್ಟು ನಿಲ್ಲುವುದು, ಝಳ ಬಂದು ಬೆವರುವುದು, ನಿದ್ದೆ ಬಾರದಿರುವುದು, ಸಿಟ್ಟು, ಅಳು, ಯೋನಿ ಒಣಗುವುದು, ಮುಂದೆ ಮೂಳೆ ಸವೆಯುವುದು ಎಲ್ಲ ಇದರಿಂದ. ಚಿಕ್ಕ ವಯಸ್ಸಿನವರಿಗೆ ಹಾರ್ಮೋನ್ ಗುಳಿಗೆ ಕೊಡಬಹುದು. ಸಾಮಾನ್ಯವಾಗಿ ಕಾಣುವ ಸ್ಕ್ವಾಮಸ್ ಜಾತಿಯ ಕ್ಯಾನ್ಸರ್‌ನಲ್ಲಿ ಅದರಿಂದ ರೋಗ ತಿರುಗಿ ಬರುವ ಅಪಾಯ ಹೆಚ್ಚುವುದಿಲ್ಲ. ಬೇರೆ ಜಾತಿಯದಾದರೆ ಡಾಕ್ಟರ್ ಯೋಚಿಸಿ ಹೇಳುತ್ತಾರೆ. ಗರ್ಭಚೀಲ ಇನ್ನೂ ಇದ್ದರೆ ಎರಡು ಹಾರ್ಮೋನ್ ಸೇರಿಸಿ ಕೊಡಬೇಕಾಗುತ್ತದೆ. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೇಳಿ. ಸೊಂಟದ ಮೂಳೆ ಕರೆಂಟಿನಿಂದಲೂ ಸ್ವಲ್ಪ ಬಡವಾಗಿರುತ್ತದೆ, ಹೊಸದಾಗಿ ಸೊಂಟ ನೋವು ಬಂದರೆ ತಿಕ್ಕಿಸಿಕೊಳ್ಳುವ ಬದಲು ತೋರಿಸಿ.

ಮಕ್ಕಳು ಬೇಕು ಅನ್ನುವವರು ಟ್ರೀಟ್ಮೆಂಟ್ ಶುರುವಾಗುವ ಮೊದಲೇ ಹೇಳಬೇಕು. ಕರೆಂಟು ಆದ ಗರ್ಭಚೀಲದಲ್ಲಿ ಮಗು ನಿಲ್ಲುವುದಿಲ್ಲ. ಬಹಳ ಚಿಕ್ಕ ಗಡ್ಡೆಯಾದರೆ ಗರ್ಭಚೀಲ ಉಳಿಸುವ ಆಪರೇಷನ್ ಇದೆ. ಕೆಲವರಿಗೆ ಕರೆಂಟು ತಾಗದಿರಲಿ ಅಂತ ಅಂಡಾಶಯವನ್ನು ಮೇಲಕ್ಕೆ ಸರಿಸಿ ಕೂರಿಸುತ್ತಾರೆ.

ಗಂಡ ಹೆಂಡತಿ ಸೇರಬಹುದಾ? ಗಂಡನಿಗೆ ಅಂಟುತ್ತದಾ?

ಅಂಟುವುದಿಲ್ಲ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಹರಡುವ ರೋಗ ಅಲ್ಲ. ಇದಕ್ಕೆ ಕಾರಣವಾಗುವ ಎಚ್‌ಪಿವಿ ಅನ್ನುವ ವೈರಸ್ ದಾಂಪತ್ಯದಲ್ಲಿ ಇಬ್ಬರಿಗೂ ಬರುವಂಥದ್ದು, ಅದು ಬಂದು ಎಷ್ಟೋ ವರ್ಷ ಆಗಿರುತ್ತದೆ. ಹೆಂಡತಿಯ ನಡತೆಯ ಮೇಲೆ ಇದನ್ನು ಹೊರಿಸುವವರ ಮಾತಿಗೆ ಬೆಲೆ ಕೊಡಬೇಡಿ.

ಟ್ರೀಟ್ಮೆಂಟ್ ಮುಗಿದು, ಹುಣ್ಣು ಮಾಗಿ, ಡಾಕ್ಟರ್ ಪರೀಕ್ಷೆ ಮಾಡಿ ಹ್ಞೂಂ ಅಂದ ಮೇಲೆ ಸೇರಬಹುದು. ಸಾಮಾನ್ಯವಾಗಿ ಒಂದೆರಡು ತಿಂಗಳಾಗುತ್ತದೆ. ಮೊದಮೊದಲು ಸ್ವಲ್ಪ ರಕ್ತ ಕಾಣಬಹುದು. ಒಣಗಿದಂತೆ, ಚಿಕ್ಕದಾದಂತೆ ಅನ್ನಿಸುತ್ತದೆ. ಮೆಡಿಕಲ್ ಅಂಗಡಿಯಲ್ಲಿ ನೀರಿನ ಜೆಲ್ ಸಿಗುತ್ತದೆ, ಅದನ್ನು ಹಚ್ಚಿ. ಮನಸ್ಸಿಲ್ಲದಿದ್ದರೆ ಬೇಡ ಅನ್ನುವುದು ಹೆಂಗಸಿನ ಹಕ್ಕು. ಗಂಡನಿಗೆ ಹೇಳಲು ಕಷ್ಟ ಆದರೆ ಡಾಕ್ಟರ ಕೈಯಿಂದ ಹೇಳಿಸಿ, ನರ್ಸಕ್ಕನ ಕೈಯಿಂದ ಹೇಳಿಸಿ.

ಯಾರೂ ಸರಿಯಾಗಿ ತಿಳಿಸದ ವಿಷಯ ಇದು: ಕರೆಂಟು ಆದ ಯೋನಿಯ ಗೋಡೆಗಳು ಒಂದಕ್ಕೊಂದು ಅಂಟಿ, ದಾರಿ ಕಿರಿದಾಗುತ್ತ ಹೋಗುತ್ತದೆ. ಅದನ್ನು ತಡೆಯಲು ಡೈಲೇಟರ್ ಅನ್ನುವ ನುಣುಪಾದ ಕೊಳವೆ ಬರುತ್ತದೆ. ಕರೆಂಟು ಮುಗಿದು ಕೆಲವು ವಾರಕ್ಕೆ, ಉರಿ ಇಳಿದ ಮೇಲೆ, ವಾರಕ್ಕೆ ಎರಡು ಮೂರು ಸಲ, ಜೆಲ್ ಹಚ್ಚಿ, ಐದು ಹತ್ತು ನಿಮಿಷ ಒಳಗೆ ಇಡಬೇಕು. ಎಷ್ಟು ದಪ್ಪದ್ದು, ಯಾವಾಗ ಶುರು ಅಂತ ನರ್ಸ್ ತೋರಿಸಿಕೊಡಬೇಕು, ಕೇಳಿ. ವಿಧವೆಯರು, ವಯಸ್ಸಾದವರು "ನನಗ್ಯಾಕೆ ಬೇಕು ಇದು" ಅಂತಾರೆ. ದಾರಿ ಮುಚ್ಚಿದರೆ ಮುಂದೆ ಡಾಕ್ಟರಿಗೆ ಒಳಗೆ ಪರೀಕ್ಷೆ ಮಾಡಲು ಆಗುವುದಿಲ್ಲ, ರೋಗ ತಿರುಗಿ ಬಂದರೆ ಬೇಗ ಗೊತ್ತಾಗುವುದಿಲ್ಲ. ಅದಕ್ಕಾಗಿ ಎಲ್ಲರಿಗೂ ಬೇಕು.

ಆಪರೇಷನ್ ಆದವರಿಗೆ ಯಾವ ತೊಂದರೆ?

ದೊಡ್ಡ ಆಪರೇಷನ್‌ನಲ್ಲಿ ಮೂತ್ರಚೀಲದ ನರಗಳಿಗೆ ಪೆಟ್ಟಾಗಬಹುದು. ಅದಕ್ಕೆ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಉಚ್ಚೆಯ ಪೈಪು ಇರುತ್ತದೆ. ಪೈಪು ತೆಗೆದ ಮೇಲೆ ಉಚ್ಚೆ ಬಂದ ಅನುಭವವೇ ಆಗದಿದ್ದರೆ ಗಡಿಯಾರ ನೋಡಿ ಮೂರು ನಾಲ್ಕು ತಾಸಿಗೊಮ್ಮೆ ಹೋಗಿ.

ಕೆಳಹೊಟ್ಟೆಯೊಳಗಿನ ಲಿಂಫ್ ನೋಡ್ ಅನ್ನುವ ಸಣ್ಣ ಗಂಟುಗಳನ್ನು ತೆಗೆದಿದ್ದರೆ ಕಾಲು ಬಾವು ಬರಬಹುದು, ವರ್ಷಗಳ ಮೇಲೂ ಬರಬಹುದು. ಅಂಥವರು ಬರಿಗಾಲಲ್ಲಿ ಹೊಲಕ್ಕೆ ಹೋಗಬಾರದು, ಒಂದು ಮುಳ್ಳು ಚುಚ್ಚಿದರೂ ಕಾಲೆಲ್ಲ ಕೆಂಪಾಗಿ ಜ್ವರ ಬರಬಹುದು. ಮಲಗುವಾಗ ಕಾಲು ಎತ್ತರಕ್ಕಿಡಿ. ಕಾಲಿಗೆ ಹಾಕುವ ಬಿಗಿ ಸಾಕ್ಸ್, ವ್ಯಾಯಾಮದ ಬಗ್ಗೆ ಫಿಸಿಯೋಥೆರಪಿಯವರನ್ನು ಕೇಳಿ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ಮೀನಖಂಡ ನೋಯ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಬೇಕು.

ಎಲ್ಲ ಮುಗಿದು ವರ್ಷ ಆಯಿತು, ಈಗ ಸಂಡಾಸಿನಲ್ಲಿ ರಕ್ತ. ಕ್ಯಾನ್ಸರ್ ತಿರುಗಿ ಬಂತಾ?

ಬಂದಿದೆ ಅಂತಲೇ ಅಲ್ಲ. ಕರೆಂಟು ಆದ ಕರುಳಿನ ಕೊನೆ ಭಾಗದಲ್ಲಿ ಸೂಕ್ಷ್ಮ ರಕ್ತನಾಳಗಳು ಒಡೆದು ರಕ್ತ ಬರುವುದು ತಿಂಗಳುಗಳ ಮೇಲೆ, ಒಂದೆರಡು ವರ್ಷದ ಮೇಲೂ ಆಗುತ್ತದೆ. ಉಚ್ಚೆಯಲ್ಲೂ ಹಾಗೇ. ಇದಕ್ಕೆ ಟ್ರೀಟ್ಮೆಂಟ್ ಇದೆ. ಮೂಲವ್ಯಾಧಿ ಅಂತ ಗೋಡೆಯ ಮೇಲೆ ಬರೆದ ನಂಬರಿಗೆ ಫೋನ್ ಮಾಡಿ ಸುಡಿಸಿಕೊಳ್ಳಬೇಡಿ. ಕರೆಂಟು ತಾಗಿದ ಜಾಗದಲ್ಲಿ ಮಾಡಿದ ಗಾಯ ಬೇಗ ಮಾಗುವುದಿಲ್ಲ.

ಅಪರೂಪಕ್ಕೆ ಮೂತ್ರಚೀಲಕ್ಕೂ ಯೋನಿಗೂ ನಡುವೆ ತೂತು ಬಿದ್ದು ಉಚ್ಚೆ ತಾನಾಗಿ ಸೋರುತ್ತದೆ. ವಾಸನೆ ಬರುತ್ತದೆ ಅಂತ ಹೆಣ್ಣುಮಕ್ಕಳು ಮನೆಯ ಮೂಲೆ ಹಿಡಿಯುತ್ತಾರೆ, ದೇವರ ಕೋಣೆಗೆ ಹೋಗುವುದನ್ನೂ ಬಿಡುತ್ತಾರೆ. ಮುಚ್ಚಿಡಬೇಡಿ ತಾಯಿ, ತೋರಿಸಿ. ಬೀಡಿ ಸೇದುವುದು, ತಂಬಾಕು, ಗುಟ್ಕಾ ಇವನ್ನೆಲ್ಲ ಬಿಡಿ. ಸೇದುವವರಿಗೆ ಕರುಳು, ಮೂತ್ರಚೀಲದ ಈ ತೊಂದರೆಗಳು ಜಾಸ್ತಿ.

ಯೋನಿಯಿಂದ ಹೊಸದಾಗಿ ರಕ್ತ, ವಾಸನೆಯ ಬಿಳಿಸೆರಗು, ಬಿಡದ ಸೊಂಟ ನೋವು, ಒಂದು ಕಾಲಿನ ಬಾವು, ತೂಕ ಇಳಿಯುವುದು, ಬಿಡದ ಕೆಮ್ಮು ಕಂಡರೆ ಮುಂದಿನ ತಪಾಸಣೆ ತನಕ ಕಾಯಬೇಡಿ. ಏನೂ ತೊಂದರೆ ಇಲ್ಲದಿದ್ದರೂ ಮೊದಲ 2 ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ, ಆಮೇಲೆ 5 ವರ್ಷದ ತನಕ ಆರು ತಿಂಗಳಿಗೊಮ್ಮೆ ತೋರಿಸಬೇಕು.

ಖರ್ಚು, ಓಡಾಟ?

ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಇದೆ, ಎಲ್ಲದಕ್ಕೂ ಬೆಂಗಳೂರಿಗೆ ಓಡಬೇಕಾಗಿಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಅಂತ ಮೊದಲೇ ವಿಚಾರಿಸಿ. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಸರ್ಕಾರಿ ಸಾದಾ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅಂದರೆ ಜೊತೆಗೆ ಮಗಳೋ ಸೊಸೆಯೋ ಬಂದರೂ ಖರ್ಚಿಲ್ಲ. ಸೊಲ್ಲಾಪುರ, ಹೈದರಾಬಾದಿಗೆ ಹೋಗುವ ಬಸ್ಸಿಗೆ ಇದು ನಡೆಯುವುದಿಲ್ಲ.

ಮಗನ ಬದಲು ಹೆಣ್ಣುಮಕ್ಕಳೊಬ್ಬರು ಜೊತೆಗೆ ಬರಲಿ ಅನ್ನುವುದು ನನ್ನ ಆಸೆ. ಆಗ ಒಳಗೆ ಮಾತು ಹೊರಡುತ್ತದೆ.

ನನ್ನ ಮಗಳಿಗೂ ಬರುತ್ತದಾ?

ಇದು ವಂಶದಿಂದ ಬರುವ ರೋಗ ಅಲ್ಲ. 9ರಿಂದ 14 ವಯಸ್ಸಿನ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿಸಿ. 30 ದಾಟಿದವರು ತಪಾಸಣೆ ಮಾಡಿಸಿಕೊಳ್ಳಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ.

ಮುಂದೆ ಬೇರೆ ಕಾಯಿಲೆಗೆ ಬೇರೆ ಡಾಕ್ಟರ ಹತ್ತಿರ ಹೋದರೆ ಇದನ್ನೆಲ್ಲ ಹೇಳಬೇಕಾ?

ಹೇಳಲೇಬೇಕು, ಹತ್ತು ವರ್ಷ ಆಗಿದ್ದರೂ. ಕೆಳಹೊಟ್ಟೆಗೆ ಕರೆಂಟು ಆಗಿದೆ ಅಂತ ಗೊತ್ತಿಲ್ಲದೆ ಕರುಳಿನಿಂದ ತುಂಡು ತೆಗೆದರೆ, ಆಪರೇಷನ್ ಮಾಡಿದರೆ ಗಾಯ ಮಾಗದೆ ಫಜೀತಿ ಆಗುತ್ತದೆ. ಡಿಸ್ಚಾರ್ಜ್ ಕಾರ್ಡು, ಎಷ್ಟು ಕರೆಂಟು ಕೊಟ್ಟರು ಅನ್ನುವ ಕಾಗದ, ಬಯಾಪ್ಸಿ ರಿಪೋರ್ಟ್ ಮೂರನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು ಇಡಿ, ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿ. ಮೂಲ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿಡಿ, ಮಳೆಗಾಲದಲ್ಲಿ ಸೋರುವ ಮನೆಗಳಲ್ಲಿ ಅವೇ ಮೊದಲು ಹಾಳಾಗುತ್ತವೆ.